ಮೊದಲ ಪುಟದ ಅಳತೆ

ದರ್ಜಿ ಮಾಸ್ಟ್ರ ಅಂಗಡಿಯಲ್ಲಿ ಗಿರಾಕಿ ಬಾಯಲ್ಲಿ ಹೇಳುವ ಅಳತೆಗೆ ಮೂರು ಕಾಸಿನ ಬೆಲೆಯಿಲ್ಲ. "ನನ್ನ ಸೊಂಟ ಮೂವತ್ತೆರಡು, ಬರ್ಕೊಳ್ಳಿ" ಎಂದು ಯಾರಾದರೂ ಅಂದರೆ, ಕೊರಳಲ್ಲಿ ಜೋತಾಡುವ ಟೇಪನ್ನು ಎಳೆದುಕೊಂಡು, "ಬಾಯಿ ಹೇಳೋದು ಬೇರೆ, ಸೊಂಟ ಹೇಳೋದು ಬೇರೆ. ನಿಂತ್ಕೊಳ್ಳಿ, ಉಸಿರು ಬಿಡಿ" ಎನ್ನುತ್ತಿದ್ದರು. ಹೋದ ತಿಂಗಳಷ್ಟೇ ಬಂದು ಹೋದವರಾದರೂ ಸರಿ, ಮತ್ತೆ ಹೊಸದಾಗಿ ಅಳೆಯಬೇಕು. ಮನುಷ್ಯ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದರಲ್ಲಿ ಎರಡಿಂಚು ಸುಳ್ಳು ಇದ್ದೇ ಇರುತ್ತದೆ ಎಂಬುದು ಅವರ ಮೂವತ್ತು ವರ್ಷದ ಅನುಭವ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ರಸ್ತೆಯ ಕಡೆ ದೊಡ್ಡ ಕಿಟಕಿ, ಕಿಟಕಿಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎರಡು ಮೆಷೀನು, ಒಂದು ಆಳೆತ್ತರದ ಕನ್ನಡಿ. ಹಿಂದೆ ಅಡುಗೆಮನೆ. ಅಲ್ಲಿ ಈರುಳ್ಳಿ ಹುರಿದರೆ ಇಲ್ಲಿ ನೇತುಹಾಕಿದ ವಕೀಲರ ಕೋಟಿಗೆ ಹಸಿವಾಗಬೇಕು, ಅಷ್ಟು ಹತ್ತಿರ. ಮನೆಯಲ್ಲಿರುವುದು ನಾಲ್ಕು ಜನ. ಕತ್ತರಿಸುವುದು, ಹೊಲಿಯುವುದು ಮಾಸ್ಟ್ರ ಕೆಲಸ. ಗುಂಡಿ, ಅದು ತೂರುವ ಕಾಜಾ, ಅಂಚು ಮಡಿಚುವ ಹೆಮ್ಮಿಂಗ್, ಕೊನೆಯ ಇಸ್ತ್ರಿ ಹೆಂಡತಿಯದು. ಇಪ್ಪತ್ಮೂರು ವರ್ಷದ ಮಗಳು ಎರಡನೇ ಮೆಷೀನಿನಲ್ಲಿ ಶಾಲೆ ಮಕ್ಕಳ ಸಮವಸ್ತ್ರ, ದಿಂಬಿನ ಕವರು ಹೊಲಿಯುತ್ತಾಳೆ. ಮಾಸ್ಟ್ರ ತಾಯಿ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಹಳೆಯ ಹೊಲಿಗೆ ಬಿಚ್ಚುತ್ತಾ, ರಸ್ತೆಯಲ್ಲಿ ಹೋಗುವವರ ನಡಿಗೆಗೆ ಹೆಸರಿಡುತ್ತಾ ಇರುತ್ತಾರೆ.

ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರಿಲ್ಲ, ಕೆಲಸವಿದೆ. 'ಬೇಕರಿಯವರು', 'ಪೋಸ್ಟಾಫೀಸು ಮೇಡಂ', 'ಉದ್ದನೆ ವಕೀಲರು', 'ಗಿಡ್ಡ ವಕೀಲರು'. ಇಂಥ ಹನ್ನೊಂದು ಪುಸ್ತಕ ತುಂಬಿವೆ. ಮೊದಲನೇ ಪುಸ್ತಕದ ಮೊದಲನೇ ಪುಟದ ಮೇಲೆ ಮಾತ್ರ 'ನಾನು' ಎಂದು ಬರೆದಿದೆ. ಅಂಗಡಿ ತೆರೆದ ದಿನ ಕೈ ಕುದುರಲಿ ಎಂದು ಮಾಸ್ಟ್ರು ತಮ್ಮ ಅಳತೆಯನ್ನೇ ಬರೆದುಕೊಂಡಿದ್ದರು. ಸೊಂಟ ಮೂವತ್ತು.

ಈ ಮನೆಯಲ್ಲಿ ಕಿರಿಕಿರಿ ಶುರುವಾದದ್ದು ಒಂದು ಕಾಗದದಿಂದ.

ಊಟಕ್ಕೆ ಕೂತಾಗ ಹೆಂಡತಿ ಅದನ್ನು ಮಾಸ್ಟ್ರ ತಟ್ಟೆಯ ಪಕ್ಕ ಇಟ್ಟಳು. ಬಸ್ ನಿಲ್ದಾಣದ ಆಚೆಗಿರುವ ಹೊಲಿಗೆ ತರಬೇತಿ ಶಾಲೆಯವರದು. ಪೋಸ್ಟಾಫೀಸು ಮೇಡಂ ಕೋಟಿನ ಕಾಜಾ ನೋಡಿ ಅಲ್ಲಿಯ ಹಿರಿಯ ಟೀಚರ್ ಮರುಳಾಗಿದ್ದರಂತೆ. ಕೈಹೊಲಿಗೆ ಕಲಿಸಲು ಬನ್ನಿ, ವಾರಕ್ಕೆ ಐದು ದಿನ, ಹತ್ತರಿಂದ ನಾಲ್ಕು. ಇಂದಿಗೆ ಮೂರನೇ ಸೋಮವಾರದೊಳಗೆ ಖುದ್ದಾಗಿ ಬಂದು ಹೂಂ ಅಥವಾ ಇಲ್ಲ ಎಂದು ತಿಳಿಸಿ ಎಂದು ಬರೆದಿದ್ದರು.

ಮಾಸ್ಟ್ರು ಓದಿದರು. ಆಲೂಗೆಡ್ಡೆಯ ಒಂದು ತುಂಡು ಬಾಯಿಗೆ ಹಾಕಿಕೊಂಡರು.

"ಏನಂತೀರಿ?" ಎಂದಳು ಹೆಂಡತಿ.

"ನನ್ನನ್ನೇನು ಕೇಳ್ತೀಯ? ಹೋಗೋಳು ನೀನು."

"ಆದ್ರೂ..."

"ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ?"

ಮಗಳು ತಟ್ಟೆ ನೋಡಿದಳು. ಅಜ್ಜಿ ಮಗನನ್ನು ನೋಡಿದರು. ಹೆಂಡತಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಉಪ್ಪಿನ ಡಬ್ಬಿಯ ಹಿಂದೆ ಸಿಕ್ಕಿಸಿ, "ಇನ್ನೊಂಚೂರು ಅನ್ನ ಹಾಕ್ಲಾ?" ಎಂದಳು. ಅಲ್ಲಿಗೆ ಮುಗಿಯಿತು.

'ಬೇಡ ಅಂದಿದ್ದೀನಾ' ಎಂಬ ಪ್ರಶ್ನೆ ಆ ಮನೆಯಲ್ಲಿ ಹೊಸದಲ್ಲ. ಮಾಸ್ಟ್ರ ತಮ್ಮ ಜೊತೆಗೂಡಿ ಅಂಗಡಿ ದೊಡ್ಡದು ಮಾಡೋಣ ಎಂದು ಬಂದಾಗಲೂ ಅದೇ ಪ್ರಶ್ನೆ ಬಂದಿತ್ತು. ಮಗಳು ಕೋಟು ಕತ್ತರಿಸುವುದನ್ನು ಕಲಿಯಲು ಆರು ತಿಂಗಳು ಹೋಗುತ್ತೇನೆಂದಾಗಲೂ ಅದೇ. ಕೇಳಿದವರು ಒಂದೆರಡು ದಿನ ಸುಮ್ಮನಿದ್ದು, ಆಮೇಲೆ ತಾವಾಗಿಯೇ ಬೇಡವೆಂದುಬಿಡುತ್ತಿದ್ದರು. ಮಾಸ್ಟ್ರು ಅದನ್ನು ಬೇರೆಯವರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದರು, "ನಮ್ಮನೇಲಿ ಯಾರಿಗೂ ಕಟ್ಟುಪಾಡಿಲ್ಲ. ಅವರವರ ಇಷ್ಟ." ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ತಾವು ಹಾಗೆ ಮಾಡುತ್ತೇವೆಂಬುದು ಅವರಿಗೆ ಗೊತ್ತಿರಲಿಲ್ಲ, ಅದನ್ನು ನಾನು ಅವರ ಪರವಾಗಿ ಹೇಳಲೇಬೇಕು.

ಮೂರು ದಿನ ಕಳೆಯುವಷ್ಟರಲ್ಲಿ ಹೆಂಡತಿಯ ಅಕ್ಕನಿಗೆ ಮಂಡಿಯ ಆಪರೇಷನ್ ಎಂದು ಫೋನು ಬಂತು. ಆಕೆ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡಳು. "ಎರಡು ವಾರ. ಅಕ್ಕಿ ಕೆಳಗಿನ ಡಬ್ಬಿ, ಬೇಳೆ ಮೇಲಿನ ಡಬ್ಬಿ. ಅತ್ತೆಗೆ ಮಾತ್ರೆ ಊಟ ಆದ್ಮೇಲೆ."

"ಶಾಲೆಯವರಿಗೆ ಏನು ಹೇಳ್ತೀಯ?" ಎಂದು ಅತ್ತೆ ಕೇಳಿದರು.

"ನೋಡೋಣ ಅತ್ತೆ" ಎಂದು ಆಕೆ ಬಸ್ಸಿಗೆ ಹೊರಟಳು. ಕಾಗದ ಉಪ್ಪಿನ ಡಬ್ಬಿಯ ಹಿಂದೆಯೇ ಉಳಿಯಿತು.

*

ಇತ್ತ ಹೊಲಿಗೆಯವರ ಸಂಘದಿಂದ ಮಾಸ್ಟ್ರಿಗೂ ಒಂದು ಸುದ್ದಿ ಬಂದಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದವರನ್ನು ತಿಂಗಳ ಕೊನೆಯ ಭಾನುವಾರದ ಸಭೆಯಲ್ಲಿ ವೇದಿಕೆಗೆ ಕರೆದು ಎರಡು ಮಾತಾಡಿಸುತ್ತಾರೆ. ವೇದಿಕೆ ಹತ್ತುವ ದರ್ಜಿ ಹಳೇ ಪ್ಯಾಂಟು ಹಾಕಿಕೊಂಡು ಹೋಗಲಾದೀತೇ? ಎರಡು ವರ್ಷದಿಂದ ತೆಗೆದಿಟ್ಟಿದ್ದ ಬೂದು ಬಣ್ಣದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದರು. ಮೊದಲನೇ ಪುಸ್ತಕದ ಮೊದಲನೇ ಪುಟ ತೆರೆದರು. ಗುರುತು ಹಾಕಿದರು, ಕತ್ತರಿಸಿದರು, ಹೊಲಿದರು. ಗುಂಡಿ, ಕಾಜಾ, ಇಸ್ತ್ರಿ ಈ ಸಲ ಮಗಳ ಪಾಲಿಗೆ ಬಂತು.

ಅಜ್ಜಿ ಕಿಟಕಿಯ ಪಕ್ಕ ಕೂತು ಎಲ್ಲವನ್ನೂ ನೋಡುತ್ತಿದ್ದರು. ಒಂದು ಸಲ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಏನಾಗುತ್ತೋ ನೋಡೇಬಿಡೋಣ ಎಂಬ ಕುತೂಹಲ ಎಪ್ಪತ್ತೆಂಟನೇ ವಯಸ್ಸಿನಲ್ಲೂ ಅವರಿಗೆ ಕಮ್ಮಿಯಾಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಾಸ್ಟ್ರು ಪ್ಯಾಂಟು ಹಾಕಿಕೊಳ್ಳಲು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಅಂಗಿಯನ್ನು ಕೈಯಲ್ಲಿ ಹಿಡಿದು ಸೊಂಟದ ಮೇಲೆ ಎಳೆದುಕೊಂಡಿದ್ದರು, ಮುಖ ಕೆಂಪಾಗಿತ್ತು.

"ಏನು ಮಾಡಿದೆ ಇದಕ್ಕೆ?" ಎಂದು ಮಗಳನ್ನು ಕೇಳಿದರು.

"ಗುಂಡಿ ಹಚ್ಚಿದೆ ಅಪ್ಪ."

"ಎಲ್ಲಿ ಹಚ್ಚಿದೆ? ಗುಂಡಿ ಈ ಊರಲ್ಲಿದೆ, ಕಾಜಾ ಪಕ್ಕದೂರಲ್ಲಿದೆ!"

"ನೀವು ಗುರುತು ಹಾಕಿದ ಕಡೆನೇ ಹಚ್ಚಿದ್ದೀನಿ."

"ಹಾಗಾದ್ರೆ ಬಟ್ಟೆ ಕುಗ್ಗಿದೆ. ಇಸ್ತ್ರಿ ಬಿಸಿ ಜಾಸ್ತಿ ಇಟ್ಟಿದ್ದೀಯ."

"ಬಟ್ಟೆ ನೆನೆಸಿ ಒಣಗಿಸಿದ್ದು ನೀವೇ ಅಲ್ವಾ, ಹೋದ ವಾರ?"

ಮಾಸ್ಟ್ರು ಟೇಪನ್ನು ಅನುಮಾನಿಸಿದರು. ಅಂಗಡಿಯ ಮೂರು ಟೇಪುಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟು ನೋಡಿದರು. ಮೂರೂ ಒಂದೇ. ಮರದ ಸ್ಕೇಲು ತಂದು ಇಟ್ಟರು. ಅದೂ ಟೇಪುಗಳ ಲೆಕ್ಕವನ್ನೇ ಹೇಳಿತು.

ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಲೋ, ನಿನ್ನ ಹಳೇ ಪ್ಯಾಂಟು ತಗೊಂಡು ಬಾ. ಹಿಂದುಗಡೆ ತಿರುಗಿಸಿ ನೋಡು."

"ಯಾಕೆ?"

"ನೋಡೋ ಅಂದ್ರೆ."

ಹಳೆಯ ಪ್ಯಾಂಟುಗಳು ಐದಿದ್ದವು. ಮಾಸ್ಟ್ರು ಮೊದಲನೆಯದನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದರು. ಹಿಂಬದಿಯ ನಡು ಹೊಲಿಗೆ ಅವರದಾಗಿರಲಿಲ್ಲ. ಯಾರೋ ಅದನ್ನು ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಎಳೆದು, ಅರ್ಧ ಇಂಚು ಆಚೆ ಮತ್ತೆ ಹೊಲಿದಿದ್ದರು. ಎರಡನೆಯದರಲ್ಲಿ ಒಂದು ಇಂಚು. ಮೂರನೆಯದರಲ್ಲಿ ಒಳಬಟ್ಟೆ ಪೂರ್ತಿ ಮುಗಿದಿತ್ತು. ನಾಲ್ಕನೆಯದಕ್ಕೆ ಅದೇ ಬಟ್ಟೆಯ ಮೂರು ಮೂಲೆಯ ತುಂಡೊಂದನ್ನು, ಅಂಗಿಯಡಿ ಮುಚ್ಚಿಹೋಗುವಂತೆ, ಕೈಯಲ್ಲಿ ಕೂಡಿಸಲಾಗಿತ್ತು. ಐದನೆಯದರಲ್ಲಿ ಆ ತುಂಡು ಇನ್ನೂ ಅಗಲ. ಸಣ್ಣ, ಒತ್ತಾದ, ಒಂದರಂತೆ ಒಂದಿರುವ ಹೊಲಿಗೆ. ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ.

"ಎಷ್ಟು ವರ್ಷದಿಂದ?" ಎಂದರು ಮಾಸ್ಟ್ರು.

"ಇವಳು ಶಾಲೆಗೆ ಸೇರಿದ ವರ್ಷದಿಂದ" ಎಂದು ಅಜ್ಜಿ ಮೊಮ್ಮಗಳ ಕಡೆ ತೋರಿಸಿದರು.

"ಹೇಳ್ಬಾರ್ದಾಗಿತ್ತಾ?"

"ಒಂದು ಸಲ ಹೇಳಿದಳಪ್ಪಾ. 'ರೀ, ಅಳತೆ ತಗೊಳ್ಳಿ' ಅಂತ. 'ನನ್ನ ಅಳತೆ ನನಗೆ ಗೊತ್ತಿಲ್ವಾ' ಅಂದೆ. ಆಮೇಲೆ ಅವಳು ಹೇಳ್ಲಿಲ್ಲ, ಬಿಚ್ಚಿ ಹೊಲಿದಳು."

ಮಾಸ್ಟ್ರಿಗೆ ಮೈಯೆಲ್ಲ ನಾಚಿಕೆಯಾಯಿತು. ಊರ ಸೊಂಟವನ್ನೆಲ್ಲ ನಂಬದೆ ಅಳೆದವರು ತಮ್ಮದನ್ನು ಮೂವತ್ತು ವರ್ಷ ನಂಬಿಕೊಂಡು ಕೂತಿದ್ದರು. ಆ ಮಧ್ಯಾಹ್ನ ಬೇಕರಿಯವರು ಅಂಗಿ ಕೇಳಲು ಬಂದರೆ ಅವರ ಜೊತೆ ಸರಿಯಾಗಿ ಮಾತೂ ಆಡಲಿಲ್ಲ. ಸಂಜೆ ಟೀ ಕುಡಿದಾದ ಮೇಲೆ ಎದ್ದು ಕನ್ನಡಿಯ ಮುಂದೆ ನಿಂತರು.

"ಟೇಪು ತಗೋ" ಎಂದರು ಮಗಳಿಗೆ. "ನನ್ನ ಅಳತೆ ಹಾಕು. ಮುಲಾಜು ನೋಡ್ಬೇಡ."

ಮಗಳು ಟೇಪು ಸುತ್ತಿದಳು. "ಉಸಿರು ಬಿಡಿ ಅಪ್ಪ."

"ಬಿಟ್ಟಿದ್ದೀನಿ."

"ಬಿಟ್ಟಿಲ್ಲ."

"ಮೂವತ್ತು ವರ್ಷದಿಂದ ಹಿಡ್ಕೊಂಡಿದ್ದಾನೆ" ಎಂದರು ಅಜ್ಜಿ. "ಒಂದೇ ಸಲಕ್ಕೆ ಹೇಗೆ ಬಿಡ್ತಾನೆ ಪಾಪ?"

ಮಾಸ್ಟ್ರಿಗೆ ನಗು ಬಂತು, ನಕ್ಕಾಗ ಉಸಿರು ತಾನಾಗಿಯೇ ಹೊರಬಿತ್ತು. ಮೂವತ್ತೈದು. ಅದಷ್ಟೇ ಅಲ್ಲ, ಎಡ ಭುಜ ಬಲಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು. ಬಲಗೈಯಲ್ಲಿ ಕತ್ತರಿ ಹಿಡಿದು ಮೇಜಿನ ಮೇಲೆ ಎಡಕ್ಕೆ ವಾಲಿ ವಾಲಿ ಹಾಗಾಗಿತ್ತು. ಎತ್ತರ ಒಂದು ಇಂಚು ಕಮ್ಮಿಯಾಗಿತ್ತು. ಮಗಳು ಒಂದೊಂದೇ ಹೇಳುತ್ತಾ ಹೋದಂತೆ ಮಾಸ್ಟ್ರ ನಾಚಿಕೆ ಎಲ್ಲಿಗೋ ಹೋಗಿ, ಹೊಸ ಗಿರಾಕಿಯನ್ನು ನೋಡುವಾಗಿನ ಕುತೂಹಲ ಹುಟ್ಟಿತು. ಈ ಮನುಷ್ಯ ಯಾರು? ಇವನಿಗೆ ಹೇಗೆ ಕತ್ತರಿಸಬೇಕು?

"ಇನ್ನೇನಿದೆ?" ಎಂದು ಕೇಳಿದರು.

"ಅಷ್ಟೇ ಅಪ್ಪ. ಕಾಲಿನ ಉದ್ದ ಮೊದಲಿನಷ್ಟೇ ಇದೆ."

"ಅದಲ್ಲ. ನನಗೆ ಗೊತ್ತಿಲ್ಲದೆ ನಿಮಗೆಲ್ಲ ಗೊತ್ತಿರೋದು ಇನ್ನೇನಿದೆ?"

ಅಜ್ಜಿ ಕೈಯಲ್ಲಿದ್ದ ಹೊಲಿಗೆ ಬಿಚ್ಚುವ ಕೆಲಸ ನಿಲ್ಲಿಸಿದರು. "ಹೇಳ್ಲಾ? ಆಮೇಲೆ ಮುಖ ಊದಿಸ್ಕೋಬಾರ್ದು."

"ಹೇಳಮ್ಮಾ."

"ಸಿಹಿ ಮುಟ್ಟಲ್ಲ ಅಂತೀಯ. ಬಿಸ್ಕತ್ತಿನ ಡಬ್ಬಿ ತಾನೇ ನಡ್ಕೊಂಡು ಹೋಗಿ ಖಾಲಿಯಾಗುತ್ತಾ?"

"ಅದು... ಟೀ ಜೊತೆ ಒಂದೆರಡು..."

"ಊಟಕ್ಕೆ ತಕರಾರು ಮಾಡಲ್ಲ ಅಂತೀಯ. ಉಪ್ಪು ಕಮ್ಮಿಯಾದ್ರೆ ಬಾಯಲ್ಲಿ ಹೇಳಲ್ಲ ನಿಜ. ತಟ್ಟೆಯನ್ನ ಎರಡಿಂಚು ಆಚೆ ತಳ್ತೀಯ. ಅದಕ್ಕಿಂತ ಬೈದ್ರೆ ವಾಸಿ."

ಮಾಸ್ಟ್ರು ಮಗಳ ಕಡೆ ತಿರುಗಿದರು. "ನೀನು ಹೇಳು."

"ನಿಮ್ಮಿಷ್ಟ ಅಪ್ಪ, ನಾನೇನು ಹೇಳ್ಲಿ?"

"ಹೇಳು ಅಂತಾನೇ ಹೇಳ್ತಿದ್ದೀನಲ್ಲ!"

ಮಗಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ಯಾರಿಗೂ ಬೇಡ ಅನ್ನಲ್ಲ ಅಂತೀರಲ್ಲ."

"ಅಂದಿದ್ದೀನಾ? ಒಂದು ಸಲ ತೋರಿಸು."

"ಬೇಡ ಅಂದಿಲ್ಲ. 'ಬೇಡ ಅಂದಿದ್ದೀನಾ' ಅಂತ ಕೇಳಿದ್ದೀರಿ. ಕೋಟು ಕಲಿಯೋಕೆ ಹೋಗ್ತೀನಿ ಅಂದಾಗ ಕೇಳಿದ್ರಿ. ನಾನು ಹೋಗ್ಲಿಲ್ಲ. ಅಮ್ಮನ ಕಾಗದ ಬಂದಾಗ ಕೇಳಿದ್ರಿ. ಕಾಗದ ಉಪ್ಪಿನ ಡಬ್ಬಿ ಹಿಂದೆ ಹೋಯ್ತು."

"ಅದು ನೀವಾಗಿ ನೀವು ಬಿಟ್ಟಿದ್ದು! ನಾನೇನು ಕೈ ಹಿಡಿದು ನಿಲ್ಲಿಸಿದೆನಾ? ಹೋಗೋ ಮನಸ್ಸಿದ್ರೆ ಹೋಗ್ಬೇಕಾಗಿತ್ತು. ಈಗ ನನ್ನ ತಲೆ ಮೇಲೆ ಹಾಕ್ತೀರಾ?" ಮಾಸ್ಟ್ರ ದನಿ ರಸ್ತೆಗೆ ಕೇಳಿಸಿತು. ದಾರಿಯಲ್ಲಿ ಹೋಗುತ್ತಿದ್ದ ಗಿಡ್ಡ ವಕೀಲರು ಕಿಟಕಿಯ ಹತ್ತಿರ ನಿಧಾನ ಮಾಡಿ, ಅಜ್ಜಿಯನ್ನು ನೋಡಿ ಬೇಗ ಹೆಜ್ಜೆ ಹಾಕಿದರು.

"ಬಾಯಿ ಹೇಳೋದು ಬೇರೆ, ಸೊಂಟ ಹೇಳೋದು ಬೇರೆ" ಎಂದಳು ಮಗಳು, ಮೆಲ್ಲಗೆ. "ನೀವೇ ಹೇಳಿಕೊಟ್ಟಿದ್ದು."

ಅವತ್ತು ರಾತ್ರಿಯ ಊಟದಲ್ಲಿ ಬೇಳೆಗೆ ಉಪ್ಪು ಕಮ್ಮಿಯಾಗಿತ್ತು. ಮಾಸ್ಟ್ರ ಕೈ ತಟ್ಟೆಯನ್ನು ತಳ್ಳಲು ಮುಂದೆ ಬಂದದ್ದನ್ನು ಮೂವರೂ ನೋಡಿದರು, ಮಾಸ್ಟ್ರು ಎಲ್ಲರಿಗಿಂತ ಚೆನ್ನಾಗಿ ನೋಡಿದರು.

*

ಮರುದಿನ ಬೆಳಿಗ್ಗೆ ಅವರು ಬಟ್ಟೆಗೆ ಗುರುತು ಹಾಕುವ ಬಿಳಿ ಸುಣ್ಣದ ಬಿಲ್ಲೆಯನ್ನು ಮಗಳ ಮುಂದಿಟ್ಟರು.

"ಗಿರಾಕಿ ಮಾತು ನಂಬೋ ಹಾಗಿಲ್ಲ, ನಿನ್ನ ಮಾತೂ ನಂಬೋ ಹಾಗಿಲ್ಲ. ಅಳತೆ ಹಾಕೋಣ. ನಾನು ಆ ಪ್ರಶ್ನೆ ಕೇಳಿದಾಗೆಲ್ಲ ಮೇಜಿನ ಅಂಚಿಗೆ ಒಂದು ಗೆರೆ ಎಳಿ. ಒಂದು ವಾರ."

"ಬೈಬಾರ್ದು ಮತ್ತೆ."

"ನಾನು ಯಾವತ್ತಾದ್ರೂ ಬೈದಿ..." ಎಂದು ಮಾಸ್ಟ್ರು ನಿಂತರು. ಮಗಳು ಮೊದಲನೇ ಗೆರೆ ಎಳೆದಳು.

ಮಧ್ಯಾಹ್ನದ ಹೊತ್ತಿಗೆ ಮೂರಾದವು. ಬಟ್ಟೆ ತಡವಾಯಿತೆಂದು ಬೇಕರಿಯವರು ದೂರಿದಾಗ ಒಂದು, "ಕೊಡಲ್ಲ ಅಂದಿದ್ದೀನಾ?" ತಾಯಿ ಫ್ಯಾನು ಜೋರು ಮಾಡು ಎಂದಾಗ ಒಂದು, "ನಾನು ಬೇಡ ಅಂದ್ನಾ?" ಅಜ್ಜಿಗೆ ಈ ಆಟ ಹಬ್ಬವಾಯಿತು. ತಮ್ಮ ಕುರ್ಚಿಯಿಂದಲೇ, "ಗೆರೆ! ಗೆರೆ!" ಎಂದು ಕೂಗುತ್ತಿದ್ದರು. ಆದರೆ ಈ ಖುಷಿ ಸಂಜೆಯವರೆಗೆ ಮಾತ್ರ. ಮಾಸ್ಟ್ರು ಇನ್ನೊಂದು ನೀಲಿ ಬಿಲ್ಲೆ ತಂದು ಮಗಳಿಗೆ ಹೇಳಿದರು, "ಇದು ನಿನಗೆ. ಬೆಳಿಗ್ಗೆಯಿಂದ ಎಂಟು ಸಲ 'ನಿಮ್ಮಿಷ್ಟ' ಅಂದೆ. ತಿಂಡಿಗೆ ಬ್ರೆಡ್ಡಾ ಅನ್ನನಾ ಅಂದ್ರೆ ನಿಮ್ಮಿಷ್ಟ. ಕಿಟಕಿ ಮುಚ್ಲಾ ತೆಗೀಲಾ ಅಂದ್ರೆ ನಿಮ್ಮಿಷ್ಟ. ನಿನಗೆ ಅಂತ ಇಷ್ಟ ಇಲ್ವಾ?"

"ಇದೆ."

"ಏನು?"

ಮಗಳು ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅವಳಿಗೇ ಗಾಬರಿಯಾಯಿತು. "ಗೊತ್ತಾಗ್ತಿಲ್ಲ ಅಪ್ಪ."

"ಮತ್ತೆ ಅಜ್ಜಿಗೆ ಬಿಲ್ಲೆ ಇಲ್ವಾ?" ಎಂದು ಅವಳು ಮಾತು ತಿರುಗಿಸಿದಳು. "ಅಜ್ಜಿ ಪ್ರತಿಯೊಂದಕ್ಕೂ 'ನನ್ನ ಕಾಲದಲ್ಲಿ' ಅಂತಾರೆ."

"ನನಗೆ ಈ ವಯಸ್ಸಲ್ಲಿ ಅಳತೆ ಯಾತಕ್ಕೆ?" ಎಂದರು ಅಜ್ಜಿ. "ನನ್ನ ಕಾಲದಲ್ಲಿ ಹಿರಿಯರಿಗೆ..."

ಗುಲಾಬಿ ಬಣ್ಣದ ಗೆರೆಯೂ ಶುರುವಾಯಿತು.

ಹೀಗೆ ಒಂದು ವಾರ. ಅಡುಗೆ, ಪಾತ್ರೆ, ಅಂಗಡಿ ಎಲ್ಲ ಎಂದಿನಂತೆ ನಡೆಯಿತು, ಜೊತೆಗೆ ಮೂರು ಜನ ಒಬ್ಬರನ್ನೊಬ್ಬರು ಮತ್ತು ತಮ್ಮನ್ನು ತಾವು ಬೇಹುಗಾರರಂತೆ ಕಾಯುತ್ತಿದ್ದರು. ಪೋಸ್ಟಾಫೀಸು ಮೇಡಂ ಮೇಜಿನ ಅಂಚು ನೋಡಿ, "ಇದೇನು ಮಾಸ್ಟ್ರೇ, ಯಾರ ಲೆಕ್ಕ?" ಎಂದರೆ, "ಮನೆಯವರ ಅಳತೆ ಮೇಡಂ" ಎಂದರು ಮಾಸ್ಟ್ರು. ಮುಂದಿನ ಶನಿವಾರಕ್ಕೆ ಬಿಳಿ ಗೆರೆ ಇಪ್ಪತ್ತಾರು. ಆದರೆ ಮೊದಲ ಎರಡು ದಿನಕ್ಕೇ ಹದಿನೇಳು, ಕೊನೆಯ ಎರಡು ದಿನಕ್ಕೆ ಎರಡು. ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಂತಾಗ ಅದರ ಹಿಂದೆ ಏನಿದೆ ಎಂದು ಮಾಸ್ಟ್ರು ಇಣುಕಿ ನೋಡತೊಡಗಿದ್ದರು. ಬಹಳ ಸಲ ಅಲ್ಲಿ ಇದ್ದದ್ದು ಒಂದೇ, 'ಬೇಡ'. ಅವರಿಗೆ ಅದು ಆಶ್ಚರ್ಯವಾಗಿತ್ತು.

ಅದರ ಹಿಂದಿನ ದಿನ, ಶುಕ್ರವಾರ, ಮಗಳು ತಾನಾಗಿಯೇ ಮೇಜಿನ ಹತ್ತಿರ ಬಂದಳು. "ನಿಮ್ಮ ಪ್ಯಾಂಟು ಹೊಸದಾಗಿ ಕತ್ತರಿಸಬೇಕಲ್ಲ. ನಾನು ಕತ್ತರಿಸ್ತೀನಿ. ನನಗೆ ದಿಂಬಿನ ಕವರು ಹೊಲಿಯೋಕೆ ಇಷ್ಟ ಇಲ್ಲ. ದೊಡ್ಡ ಕತ್ತರಿ ಇಷ್ಟ."

ಮಾಸ್ಟ್ರ ಕೈ ದೊಡ್ಡ ಕತ್ತರಿಯ ಮೇಲೆ ಹೋಯಿತು. ಅದನ್ನು ಈವರೆಗೆ ಬೇರೆ ಯಾರೂ ಹಿಡಿದಿರಲಿಲ್ಲ. "ಬೇಡ" ಎಂದರು. ಹಾಗೆ ಹೇಳಿ ತಾವೇ ಬೆಚ್ಚಿದರು.

"ಯಾಕೆ ಬೇಡ?" ಎಂದಳು ಮಗಳು.

"ಬಟ್ಟೆ ಹಾಳಾಗುತ್ತೆ."

"ನೀವು ಕತ್ತರಿಸಿದ್ದೂ ಹಾಳಾಯ್ತಲ್ಲ?"

ಕತ್ತರಿ ಮೇಜಿನ ಆ ಕಡೆಗೆ ಹೋಯಿತು. ಬೂದು ಬಟ್ಟೆ ಮುಗಿದಿದ್ದರಿಂದ ಕಪ್ಪು ಬಟ್ಟೆ ಹಾಸಿದರು. ಮಗಳು ಕತ್ತರಿಸುವಾಗ ಮಾಸ್ಟ್ರು ಎರಡು ಸಲ ಕಣ್ಣು ಮುಚ್ಚಿಕೊಂಡರು. ಪ್ಯಾಂಟು ಎಡಗಾಲಿನಲ್ಲಿ ಸ್ವಲ್ಪ ಸೊಟ್ಟ ಬಂತು, ಆದರೆ ಗುಂಡಿ ಮತ್ತು ಕಾಜಾ ಒಂದೇ ಊರಲ್ಲಿದ್ದವು.

*

ಶನಿವಾರ ಸಂಜೆ ಹೆಂಡತಿ ಬಂದಳು. ಚೀಲ ಇಳಿಸುವ ಮುಂಚೆಯೇ ಮೇಜಿನ ಅಂಚು ಕಣ್ಣಿಗೆ ಬಿತ್ತು. ಬಿಳಿ, ನೀಲಿ, ಗುಲಾಬಿ. ಪಕ್ಕದಲ್ಲಿ ಮೊದಲನೇ ಪುಸ್ತಕ ತೆರೆದಿತ್ತು. 'ನಾನು' ಎಂಬುದರ ಕೆಳಗೆ ಮೂವತ್ತಕ್ಕೆ ಗೀಟು ಹಾಕಿ ಮೂವತ್ತೈದು ಎಂದು ಬರೆದಿತ್ತು. ಆಕೆ ಅತ್ತೆಯನ್ನು ನೋಡಿದಳು. ಅತ್ತೆ ಬಹಳ ಗಮನವಿಟ್ಟು ಹೊಲಿಗೆ ಬಿಚ್ಚುತ್ತಿದ್ದರು.

"ಗೊತ್ತಾಯ್ತಾ?" ಎಂದು ಗಂಡನನ್ನು ಕೇಳಿದಳು.

"ಗೊತ್ತಾಯ್ತು."

"ಬೇಜಾರಾ?"

"ಹೊಲಿಗೆ ಚೆನ್ನಾಗಿತ್ತು" ಎಂದರು ಮಾಸ್ಟ್ರು.

ಭಾನುವಾರ ಮನೆಯವರೆಲ್ಲ ಸಭೆಗೆ ಹೋದರು. ಅಲ್ಲಿ ಮಾಸ್ಟ್ರು ಎರಡೇ ನಿಮಿಷ ಮಾತಾಡಿದರು. ತಯಾರಿ ಮಾಡಿಕೊಂಡಿದ್ದ ಭಾಷಣ ಬಿಟ್ಟು ಪ್ಯಾಂಟಿನ ಕಥೆ ಹೇಳಿದರು. "ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ನನ್ನ ಮನೆಯಲ್ಲಿ ಆ ಕತ್ತಲೆಯಲ್ಲಿ ಕೂತು ಒಬ್ಬರು ಹೊಲೀತಿದ್ರು" ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮುಂದಿನ ಸಾಲಿನ ನಾಲ್ಕು ಜನ ಹಿರಿಯ ಟೇಲರ್‌ಗಳು ಮೆಲ್ಲಗೆ ಪ್ಯಾಂಟಿನ ಹಿಂಬದಿ ಸವರಿಕೊಂಡದ್ದನ್ನು ಅಜ್ಜಿ ನೋಡಿದರು. ಹೆಂಡತಿ ಮಾತ್ರ ನಗಲಿಲ್ಲ.

ಸೋಮವಾರ ಬೆಳಿಗ್ಗೆ ಆಕೆ ಬ್ರೆಡ್ಡು, ಮೊಟ್ಟೆ ತಂದಿಟ್ಟಳು. ಉಪ್ಪಿನ ಡಬ್ಬಿಯನ್ನೂ ತಂದಳು, ಅದರ ಹಿಂದಿದ್ದ ಕಾಗದವನ್ನೂ ತಂದಳು. ಮಡಿಕೆ ಬಿಡಿಸಿ, ಮಾಸ್ಟ್ರ ತಟ್ಟೆಯ ಪಕ್ಕ, ಮೂರು ವಾರದ ಹಿಂದೆ ಇಟ್ಟ ಜಾಗದಲ್ಲೇ ಇಟ್ಟಳು.

"ಇವತ್ತು ಕೊನೇ ದಿನ. ಹೂಂ ಅಂತ ಹೇಳೋಕೆ ಹೋಗ್ಲಾ?"

"ನಾನು ಯಾವ..." ಎಂದರು ಮಾಸ್ಟ್ರು.

ಮಗಳ ಕೈ ಸುಣ್ಣದ ಬಿಲ್ಲೆಗೆ ಹೋಯಿತು. ಮಾಸ್ಟ್ರು ಬಾಯಿ ಮುಚ್ಚಿದರು. ಮೊಟ್ಟೆ ತಣ್ಣಗಾಗುತ್ತಿತ್ತು. ಹೊರಗೆ ಹಾಲಿನವನ ಗಾಡಿ ಬಂದು ನಿಂತು ಹೋಯಿತು.

"ಬೇಡ" ಎಂದರು ಮಾಸ್ಟ್ರು.

ಹೆಂಡತಿ ಉಪ್ಪಿನ ಡಬ್ಬಿಯ ಮುಚ್ಚಳ ಮುಚ್ಚಿದಳು.

"ನೀನು ಹೋಗೋದು ನನಗೆ ಬೇಡ. ನೀನು ಕಾಜಾ ಹಾಕ್ದೆ ಇದ್ರೆ ನನ್ನ ಕೋಟು ಬರೀ ಬಟ್ಟೆ. ಈ ಎರಡು ವಾರದಲ್ಲಿ ಆರು ಜನ ಬಂದು 'ಅಮ್ಮ ಇಲ್ವಾ' ಅಂತ ಕೇಳಿ ವಾಪಸ್ ಹೋದ್ರು. ಊರೆಲ್ಲ ನನ್ನ ಕತ್ತರಿ ನೋಡಿ ಬರುತ್ತೆ ಅಂದ್ಕೊಂಡಿದ್ದೆ. ನೀನು ಅಲ್ಲಿಗೆ ಹೋದ್ರೆ ನಾನು ಎಷ್ಟರವನು ಅಂತ ಎಲ್ಲರಿಗೂ ಗೊತ್ತಾಗುತ್ತೆ. ನನಗೆ ಹೆದರಿಕೆ. ಅದಕ್ಕೇ ಬೇಡ."

ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ಆಕೆಯ ಕಣ್ಣು ತುಂಬಿತ್ತು, ಅಳುವಷ್ಟೇ ಸಿಟ್ಟೂ ಇತ್ತು.

"ಇಷ್ಟು ವರ್ಷ ಇದನ್ನ ಯಾಕೆ ಅನ್ಲಿಲ್ಲ? ಬೇಡ ಅಂದಿದ್ರೆ ಜಗಳ ಆಡ್ತಿದ್ದೆ. ಯಾಕೆ ಬೇಡ ಅಂತ ಕೇಳ್ತಿದ್ದೆ. ಒಂದು ಪ್ರಶ್ನೆ ಜೊತೆ ಸಂಸಾರ ಮಾಡಿದ್ದೀನಿ ಕಣ್ರೀ, ಇಪ್ಪತ್ತಾರು ವರ್ಷ. ಪ್ರಶ್ನೆ ಜೊತೆ ಹೇಗೆ ಜಗಳ ಆಡೋದು?"

"ನನಗೇ ಗೊತ್ತಿರ್ಲಿಲ್ಲ" ಎಂದರು ಮಾಸ್ಟ್ರು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದಳು, "ನಾನೂ ಏನು ಸಾಚಾ ಅಲ್ಲ ಬಿಡಿ. ಅಕ್ಕನ ಮನೇಲಿ ಕೂತು ಯೋಚನೆ ಮಾಡ್ದೆ. ಮೂವತ್ತು ಹುಡುಗಿಯರ ಮುಂದೆ ನಿಂತು ಮಾತಾಡ್ಬೇಕು ಅಂದ್ರೆ ನನಗೆ ಕಾಲು ನಡುಗುತ್ತೆ. ನೀವು ಆ ಪ್ರಶ್ನೆ ಕೇಳಿದ ತಕ್ಷಣ ಒಳಗೊಳಗೇ ಬಚಾವಾದೆ ಅನ್ನಿಸ್ತಿತ್ತು. ಇವರು ಬಿಡ್ಲಿಲ್ಲ ಅಂತ ನಿಮ್ಮ ಮೇಲೆ ಹಾಕಿ ಕೂರೋದು ಸುಲಭ. ನಿಮ್ಮ ಪ್ಯಾಂಟು ಬಿಚ್ಚಿ ಹೊಲಿಯೋದೂ ಹಾಗೇ. ನನಗೊಬ್ಬಳಿಗೇ ಗೊತ್ತು ಅನ್ನೋ ಖುಷಿ. ನಿಮಗೋಸ್ಕರ ಅಂತ ನನಗೇ ಹೇಳ್ಕೊಂಡಿದ್ದೆ."

"ಇಬ್ಬರಿಗೂ ಒಂದೊಂದು ಗೆರೆ ಎಳಿ" ಎಂದರು ಅಜ್ಜಿ ಮೊಮ್ಮಗಳಿಗೆ. "ನನ್ನ ಕಾಲದಲ್ಲಿ ಇಷ್ಟೆಲ್ಲ ಮಾತೇ ಇರ್ಲಿಲ್ಲ." ಆಮೇಲೆ ತಾವೇ ಕೈ ಚಾಚಿ, "ಕೊಡು, ನನ್ನದೂ ಒಂದು" ಎಂದರು.

ಹೆಂಡತಿ ಕಾಗದ ತೆಗೆದು ಚೀಲಕ್ಕೆ ಹಾಕಿಕೊಂಡಳು. "ನಿಮಗೆ ಬೇಡ. ಅದು ಗೊತ್ತಾಯ್ತು. ನನಗೆ ಬೇಕು. ಕಾಲು ನಡುಗಿದ್ರೂ ಬೇಕು. ನಾನು ಹೋಗ್ತೀನಿ."

"ಹೋಗು" ಎಂದರು ಮಾಸ್ಟ್ರು. ಹಾಗೆಂದವರು ಮುಖ ಗಂಟು ಹಾಕಿಕೊಂಡೇ ಇದ್ದರು. ಅದನ್ನು ಮುಚ್ಚಿಡಲು ಹೋಗಲಿಲ್ಲ. "ಬೆಳಿಗ್ಗೆ ಕಾಜಾ ಯಾರು ಹಾಕೋದು?"

"ನೀವು ಹಾಕಿ. ಸಾಯಂಕಾಲ ಬಂದು ನೋಡ್ತೀನಿ. ಸೊಟ್ಟ ಇದ್ರೆ ಬಿಚ್ಚಿಸ್ತೀನಿ."

ಒಂಬತ್ತು ಗಂಟೆಗೆ ಆಕೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿ ದಾಟುವಾಗ ಮಾಸ್ಟ್ರು ಕರೆದರು. "ಇವಳೇ, ಒಂದು ನಿಮಿಷ. ಇಲ್ಲಿ ನಿಂತ್ಕೋ, ಕನ್ನಡಿ ಮುಂದೆ."

"ಬಸ್ಸಿಗೆ ಹೊತ್ತಾಯ್ತು."

"ಹುಡುಗಿಯರ ಮುಂದೆ ನಿಲ್ಲೋಳಿಗೆ ಒಂದು ಕೋಟು ಬೇಡ್ವಾ? ಮಗಳು ಕತ್ತರಿಸ್ತಾಳೆ. ನಾನು ಹೊಲೀತೀನಿ."

ಮಾಸ್ಟ್ರು ಹನ್ನೊಂದು ಪುಸ್ತಕಗಳನ್ನೂ ತೆಗೆದರು, ಹಾಳೆ ತಿರುಗಿಸಿದರು. ಬೇಕರಿಯವರ ಹೆಂಡತಿಯ ಅಳತೆ ಇತ್ತು, ಇಬ್ಬರು ವಕೀಲರ ಮನೆಯವರದೂ ಇತ್ತು. ಈಕೆಯದು ಎಲ್ಲೂ ಇರಲಿಲ್ಲ. ಉಳಿದ ತುಂಡುಬಟ್ಟೆಯಲ್ಲಿ ತನಗೆ ಬೇಕಾದ್ದನ್ನು ಆಕೆ ತಾನೇ ಹೊಲಿದುಕೊಂಡಿದ್ದಳು. ಮಾಸ್ಟ್ರು ಮೊದಲನೇ ಪುಸ್ತಕ ತೆರೆದರು. 'ನಾನು' ಎಂದು ಬರೆದ ಹಾಳೆಯ ಬೆನ್ನು ಮೂವತ್ತು ವರ್ಷದಿಂದ ಖಾಲಿಯಿತ್ತು. ಅದರ ಮೇಲೆ 'ಟೀಚರ್' ಎಂದು ಬರೆದರು.

ಆಕೆ ಬಗ್ಗಿ ಓದಿದಳು. "ಇನ್ನೂ ಸೇರಿಲ್ಲ ನಾನು."

"ಪುಸ್ತಕದಲ್ಲಿ ಕೆಲಸ ಬರೆಯೋದು ನಮ್ಮ ಪದ್ಧತಿ. ನೆಟ್ಟಗೆ ನಿಂತ್ಕೋ."

ಭುಜ, ತೋಳು, ಬೆನ್ನು. ಮಗಳು ಬರೆದುಕೊಳ್ಳುತ್ತಾ ಹೋದಳು. ಸೊಂಟಕ್ಕೆ ಟೇಪು ಸುತ್ತಿ ಮಾಸ್ಟ್ರು ತಲೆಯೆತ್ತಿದರು.

"ಉಸಿರು ಬಿಡು."

"ಬಿಟ್ಟಿದ್ದೀನಿ."

"ಬಿಟ್ಟಿಲ್ಲ."

ಆಕೆ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು, ಹಿಂದೆ ನಿಂತಿದ್ದ ಮಗಳನ್ನು, ಕಿಟಕಿಯ ಬಳಿಯ ಅತ್ತೆಯನ್ನು, ಎಡ ಭುಜ ಇಳಿದ ಗಂಡನನ್ನು ನೋಡಿದಳು. ಆಮೇಲೆ ಉಸಿರು ಬಿಟ್ಟಳು. ಟೇಪು ಮಾಸ್ಟ್ರ ಬೆರಳ ಸಂದಿಯಲ್ಲಿ ಒಂದಿಂಚು ಜಾರಿತು.

"ಇದನ್ನೇ ಬರ್ಕೋ" ಎಂದರು ಅವರು ಮಗಳಿಗೆ.